ಮೀಸೆಯಿಲ್ಲದ ಕಲ್ಲು

ಕಳ್ಳರಿಂದ ಊರ ದನ ಬಿಡಿಸಿ ತಂದ ಗಂಡ ಈಟಿಯ ಗಾಯದಿಂದ ಮನೆಯಲ್ಲಿ ಮಲಗಿದ್ದ. ಅಷ್ಟರಲ್ಲೇ ಅವನಿಗೆ ವೀರಗಲ್ಲು ಕಡೆಯುತ್ತಿದ್ದಾರೆಂದು ಕೇಳಿ ಮಾಳವ್ವೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ದಾರಿಯಲ್ಲಿ, ಸತ್ತ ಮಾವನೊಡನೆ ಚಿತೆಯೇರಿದ ಅತ್ತೆಗಾಗಿ ನಿಲ್ಲಿಸಿದ್ದ, ಬಳೆ ತೊಟ್ಟ ಕೈಯ ಕಲ್ಲಿಗೆ ರೂಢಿಯಂತೆ ಕೈಮುಗಿದಳು.

“ನಿಲ್ಲಿಸಣ್ಣಾ! ಅವರಿಗಿನ್ನೂ ಉಸಿರೈತೆ. ಈಗಷ್ಟೇ ಎರಡು ಗುಟುಕು ಗಂಜಿ ಕುಡಿದ್ರು!”

“ನಾನೇನು ಮಾಡ್ಲಿ ತಾಯಿ? ಗೌಡರ ಅಪ್ಪಣೆ,” ಎಂದ ಶಿಲ್ಪಿ.

“ಮೀಸೆನಾದ್ರೂ ಕೆತ್ತಬ್ಯಾಡ. ಮುಖ ಮೂಡಿದ್ರೆ ಜೀವ ಹೋದಂಗೇ.”

“ನಿನ್ನ ಗಂಡನ ಕಲ್ಲು ನಿನ್ನೆಯೇ ಮುಗೀತವ್ವಾ. ಇದಕ್ಕೆ ಮೀಸೆ ಬರಲ್ಲ.”

ಅವಳು ಬಗ್ಗಿ ನೋಡಿದಳು. ಹೊಸ ಕಲ್ಲಿನಲ್ಲಿ ಒಂದು ಕೈ ಅರ್ಧ ಮೂಡಿತ್ತು.

ಶಿಲ್ಪಿ ತಲೆ ಎತ್ತದೆ ಹೇಳಿದ: “ಬಂದಿದ್ದು ಒಳ್ಳೇದಾಯ್ತು. ಕೈ ತೋರ್ಸು, ಬಳೆ ಕೆತ್ತಬೇಕು.”