ಕೈಯಲ್ಲಿ ಉಳಿದ ಹಾರ್ನು

ಸವರಿಮುತ್ತುವಿನ ಕಾಲು ಮೋಟಾರ್ ಸೈಕಲ್ಲಿನಡಿ ಸಿಕ್ಕಿಕೊಂಡಿತ್ತು. ಕಿತ್ತುಬಂದ ರಬ್ಬರ್ ಹಾರ್ನು ಇನ್ನೂ ಮುಷ್ಟಿಯಲ್ಲೇ ಇತ್ತು. ಒಂಟಿಕೊಪ್ಪಲಿನ ತಿರುವಿನಲ್ಲಿ ಅದನ್ನು ಅಷ್ಟು ಹೊತ್ತು ಒತ್ತಿದರೂ ಕಾರು ನಡೆಸುತ್ತಿದ್ದ ಸಾಹುಕಾರರು ಹಿಂದೆ ತಿರುಗಿ ಹೆಂಡತಿಯೊಡನೆ ಮಾತಾಡುತ್ತಲೇ ಬಂದು ಗುದ್ದಿದ್ದರು.

ಪೊಲೀಸ್ ಜಮಾದಾರ ಬರುವುದನ್ನು ಕಂಡು ಸಾಹುಕಾರರು ಕೆಳಗಿಳಿದರು. ಪಕ್ಕದಲ್ಲಿದ್ದ ಅವರ ಡ್ರೈವರ್ ಇನ್ನಾಸಪ್ಪ, ಸವರಿಮುತ್ತುವಿನ ಸ್ವಂತ ಅಣ್ಣ, ಯಾರೂ ಹೇಳದೆಯೇ ಸ್ಟೀರಿಂಗಿನ ಮುಂದೆ ಸರಿದು ಕೂತ.

“ಯಾರದಯ್ಯಾ ತಪ್ಪು?” ಜಮಾದಾರ ಬಗ್ಗಿ ಕೇಳಿದ.

ಸಾಹುಕಾರರದು ಎಂದರೆ ಅಣ್ಣನ ಕೆಲಸ ಹೋಗುತ್ತದೆ. ಡ್ರೈವರನದು ಎಂದರೆ ಅಣ್ಣನೇ ಜೈಲಿಗೆ ಹೋಗುತ್ತಾನೆ.

“ನಂದೇ ಸ್ವಾಮಿ. ಹಾರ್ನ್ ಒತ್ತದೆ ಬಂದ್ಬುಟ್ಟೆ.”

ಜಮಾದಾರ ಬರೆದುಕೊಂಡ. ಜನ ಗಾಡಿ ಎತ್ತಿದಾಗ ನೋವಿಗೆ ಸವರಿಮುತ್ತುವಿನ ಮುಷ್ಟಿ ಬಿಗಿಯಿತು. ಹಾರ್ನು ಪೋಂ ಎಂದಿತು. ಇನ್ನಾಸಪ್ಪ ಸ್ಟೀರಿಂಗಿಗೆ ಹಣೆ ಹಚ್ಚಿದ.