ಹಾಲಿ ಚಾಂಪಿಯನ್

ಕ್ಲಬ್ಬಿನ ಇತಿಹಾಸ ಬರೆಯುತ್ತಿದ್ದ ಹುಡುಗಿ ತಂದ ಕರಡಿನಲ್ಲಿ ‘ಮಾಜಿ ಚಾಂಪಿಯನ್’ ಎಂಬಲ್ಲಿಗೆ ಬಂದು ಗಾಲ್ಫ್ ಕೋಚ್ ಅವರ ಬೆರಳು ನಿಂತುಬಿಟ್ಟಿತು.

“ಮಾಜಿ ಯಾಕಮ್ಮಾ? ನನ್ನನ್ನ ಸೋಲಿಸಿದೋರು ಯಾರು, ಹೇಳು ನೋಡೋಣ.”

“ಯಾರೂ ಇಲ್ಲ ಸರ್. ಆದ್ರೆ ಟೂರ್ನಿನೇ ನಿಂತು ಇಪ್ಪತ್ತೆರಡು ವರ್ಷ ಆಯ್ತಲ್ಲ?”

“ಟೂರ್ನಿ ಸತ್ತರೆ ಅದರ ಹಣೆಬರಹ. ನಾನಿನ್ನೂ ಗುಂಡುಕಲ್ಲಿನ ಹಾಗೆ ಇದ್ದೀನಲ್ಲ. ‘ಹಾಲಿ’ ಅಂತ ಬರಿ.”

ಮೇಜಿನ ಆ ತುದಿಯಲ್ಲಿ ಏಳನೇ ಕ್ಲಾಸಿನ ಗಣಿತದ ಪೇಪರು ತಿದ್ದುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಬರ್ಕೊಳಮ್ಮಾ. ಹಾಲಿ ಚಾಂಪಿಯನ್ನರು ಇವತ್ತೂ ಕಸ ಹೊರಗಿಡೋದು ಮರೆತರು ಅಂತಾನೂ ಬರ್ಕೋ.”

ಫ್ಯಾನ್ ಕಂಪನಿಯೊಂದು ಶುರು ಮಾಡಿದ ಟೂರ್ನಿ ಅದು. ಒಂಬತ್ತು ವರ್ಷ ದೂರದೂರದಿಂದ ವೃತ್ತಿಪರ ಆಟಗಾರರು ಬಂದು ಆಡಿದರು. ಗೆದ್ದವರಿಗೆ ಕಪ್ಪಿನ ಜೊತೆ ಒಂದು ಸೀಲಿಂಗ್ ಫ್ಯಾನು. ಹತ್ತನೇ ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು, ಟೂರ್ನಿಯೂ ಮಲಗಿತು. ಕೊನೆಯ ಸಲ ಗೆದ್ದ ಕೋಚ್ ಅದಕ್ಕೆ ಮೊದಲು ಏನನ್ನೂ ಗೆದ್ದಿರಲಿಲ್ಲ, ಆಮೇಲೂ ಗೆಲ್ಲಲಿಲ್ಲ. ಆ ಫ್ಯಾನು ಈಗಲೂ ಮೂವರ ತಲೆಯ ಮೇಲೆ ಕಟಕಟ ತಿರುಗುತ್ತಿತ್ತು.

ಹುಡುಗಿ ಚೀಲದಿಂದ ಹಳದಿಗಟ್ಟಿದ ಕಾರ್ಡೊಂದನ್ನು ತೆಗೆದಳು. “ಸರ್, ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ. ಸ್ಟೋರ್‌ರೂಮಿನ ಪೆಟ್ಟಿಗೇಲಿ ನಿಮ್ಮ ಕೊನೇ ದಿನದ ಸ್ಕೋರ್ ಕಾರ್ಡ್ ಸಿಕ್ತು. ಹದಿನೆಂಟು ಕುಳಿದೂ ಕೂಡಿದ್ರೆ ಎಪ್ಪತ್ತೆರಡು ಹೊಡೆತ ಆಗುತ್ತೆ. ಕೆಳಗೆ ಎಪ್ಪತ್ತೊಂದು ಅಂತ ಬರೆದಿದೆ.”

ಗಾಲ್ಫಿನಲ್ಲಿ ಕಡಿಮೆ ಹೊಡೆತದವನೇ ಗೆದ್ದವನು. ಕೋಚ್ ಗೆದ್ದದ್ದು ಒಂದೇ ಒಂದು ಹೊಡೆತದಿಂದ.

“ಅಂದ್ರೆ… ಸಮ?”

“ಸಮ ಸರ್. ಇಬ್ಬರಿಗೂ ಇನ್ನೊಂದು ಕುಳಿ ಆಡಿಸಬೇಕಿತ್ತು.”

“ಅವನಿಗೆ ಹೇಳಿದ್ಯಾ? ಎರಡನೇ ಬಂದವನಿಗೆ?”

“ಫೋನ್ ಮಾಡಿದ್ದೆ. ಅವರು ಬೇರೆ ಹನ್ನೊಂದು ಟೂರ್ನಿ ಗೆದ್ದಿದ್ದಾರಂತೆ. ಇದು ಯಾವ್ದು ಅಂತ ನೆನಪೇ ಆಗ್ಲಿಲ್ಲ ಅವರಿಗೆ.”

ಸೋತಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಕೋಚ್ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು. ಮೊತ್ತದಲ್ಲಿದ್ದ ಏಳರ ಸೊಂಟಕ್ಕೆ ಬೆಲ್ಟು ಕಟ್ಟಿದ ಹಾಗೆ ಒಂದು ಅಡ್ಡಗೆರೆ. ಈ ಏಳನ್ನು ಅವರು ದಿನವೂ ನೋಡುತ್ತಾರೆ, ಸಾಮಾನಿನ ಚೀಟಿಯಲ್ಲಿ, ಕ್ಯಾಲೆಂಡರಿನಲ್ಲಿ, ಮಕ್ಕಳ ಪೇಪರುಗಳ ಮೇಲೆ. ಆ ವರ್ಷ ಕಾರ್ಡುಗಳನ್ನು ಕೂಡಲು ಕ್ಲಬ್ಬಿನವರು ಹತ್ತಿರದ ಶಾಲೆಯಿಂದ ಗಣಿತದ ಟೀಚರೊಬ್ಬರನ್ನು ಕರೆಸಿದ್ದರು. ಗಂಡಹೆಂಡಿರ ಪರಿಚಯವಾದದ್ದೇ ಆ ಸ್ಕೋರ್ ಮೇಜಿನ ಬಳಿ.

“ಇಲ್ಲಿ ಕೊಡಿ,” ಎಂದು ಹೆಂಡತಿ ಕೈ ಚಾಚಿದಳು.

ಕೂಡುವಾಗ ಒಂದು ತಪ್ಪಿದ್ದಕ್ಕೆ ಆಗಷ್ಟೇ ಯಾವುದೋ ಮಗುವಿನ ಎರಡು ಅಂಕ ಕತ್ತರಿಸಿದ್ದ ಕೆಂಪು ಪೆನ್ನು ಕಾರ್ಡಿನ ಮೇಲೆ ಒಂದೊಂದೇ ಮನೆ ದಾಟುತ್ತ ಸಾಗಿತು. ಕೋಚ್ ಮನಸ್ಸಿನಲ್ಲೇ ಜೊತೆಗೆ ಕೂಡಿದರು. ಎಪ್ಪತ್ತೆರಡು. ಅನುಮಾನವೇ ಇಲ್ಲ.

“ಎಪ್ಪತ್ತೊಂದು,” ಎಂದಳು ಹೆಂಡತಿ. ಮೊತ್ತದ ಪಕ್ಕ ದಪ್ಪಗೆ ಒಂದು ರೈಟ್ ಮಾರ್ಕ್ ಎಳೆದು ಕಾರ್ಡನ್ನು ಹುಡುಗಿಯ ಕೈಗಿಟ್ಟಳು.

“ಮೇಡಂ, ನಾನು ಮೊಬೈಲಲ್ಲಿ ಮೂರು ಸಲ…”

“ಮೂವತ್ತು ವರ್ಷದಿಂದ ಲೆಕ್ಕ ಹೇಳಿಕೊಡ್ತಿದ್ದೀನಿ ಕಣಮ್ಮಾ.”

ಹುಡುಗಿ ಕೆಂಪು ಗುರುತನ್ನು ನೋಡಿದಳು, ಆಕೆಯ ಮುಖ ನೋಡಿದಳು. ಶಾಲೆಯ ಹಳೆಯ ಭಯವೋ ಏನೋ, ಕರಡಿನಲ್ಲಿ ‘ಮಾಜಿ’ಯನ್ನು ಹೊಡೆದು ‘ಹಾಲಿ’ ಎಂದು ಬರೆದುಕೊಂಡು ಹೊರಟಳು.

ಗೇಟಿನ ಸದ್ದಾಯಿತು. ಹೆಂಡತಿ ಮುಂದಿನ ಪೇಪರು ಎತ್ತಿಕೊಂಡಳು. ಹಾಲಿ ಚಾಂಪಿಯನ್ನರು ಮೆಲ್ಲಗೆ ಎದ್ದು, ಅಡುಗೆಮನೆಗೆ ಹೋಗಿ, ಕಸದ ಬುಟ್ಟಿಯನ್ನು ಎರಡೂ ಕೈಯಲ್ಲಿ ಕಪ್ಪಿನ ಹಾಗೆ ಹಿಡಿದುಕೊಂಡು ಹೊರಗೆ ನಡೆದರು.