ಡಬ್ಬಿ ಕ್ಯಾಮೆರಾ

"ಕಣ್ಣಿಗೆ ಹಚ್ಚಿ ನೋಡವ್ವ," ಎಂದು ಆದೋನಿಯ ಕ್ಯಾಮೆರಾ ಅಂಗಡಿಯ ಪೆದ್ದಣ್ಣ ಸಣ್ಣದೊಂದು ಕ್ಯಾಮೆರಾವನ್ನು ರಾಮಲಕ್ಷ್ಮಿಯ ಕೈಗಿತ್ತ. ಅವಳು ಅದನ್ನು ಮುಖದವರೆಗೆ ಎತ್ತಿದಳು. ಅಂಗಡಿಯಲ್ಲಿದ್ದ ಗಂಡಸರೆಲ್ಲ ಅವಳ ಬೋಳು ಹಣೆಯನ್ನೇ ನೋಡತೊಡಗಿದರು. ಕೈ ತಾನಾಗಿ ಕೆಳಗಿಳಿಯಿತು. ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಫೋಟೋ ತೆಗೆಯುತ್ತಿದ್ದ ಗಂಡ ಸತ್ತ ದಿನದಿಂದ ಅವಳಿಗೆ ಏನೂ ಅನಿಸುತ್ತಿರಲಿಲ್ಲ.

"ನಮ್ಮೂರು ಪತ್ತಿಕೊಂಡದಾಗ ಹೆಣ್ಮಕ್ಕಳು ಗಂಡಸರ ಮುಂದ ಫೋಟೋಕ್ಕ ಕೂಡಂಗಿಲ್ಲ," ಎಂದ ಅವಳ ಮಾವ ಗೋವಿಂದಪ್ಪ, ನೆಲ ನೋಡುತ್ತ. "ಮಗನ ಕೆಲಸ ನಿಲ್ಲಬಾರದಂದ್ರ ಈಕೀನ ಕಲೀಬೇಕು. ಅವನ ಆ ಗಾಜಿನ ಪ್ಲೇಟಿನ ದೊಡ್ಡ ಕ್ಯಾಮೆರಾ ಈಕಿ ಕೈಲೆ ಆಗಂಗಿಲ್ಲ. ಫಿಲ್ಮ್ ರೋಲಿಂದು, ಸುಲಭ ಆಗೋದು ಕೊಡ್ರಿ." ಮಗ ಹೋದಮೇಲೆ ಅವನು ಸೊಸೆಯ ಮುಖ ನೋಡಿ ಮಾತಾಡಿದ್ದೇ ಇಲ್ಲ.

ಪೆದ್ದಣ್ಣ ಆ ಸಣ್ಣದನ್ನು ಬದಿಗಿಟ್ಟು ಕಪ್ಪನೆಯ ಡಬ್ಬಿ ಕ್ಯಾಮೆರಾ ತೆಗೆದು ಮುಂದಿಟ್ಟ. "ಇದನ್ನ ಹೊಟ್ಟಿಗೆ ಆನಿಸಿ ಹಿಡೀಬೇಕು. ಬಗ್ಗಿ ಮ್ಯಾಲಿನ ಈ ಗಾಜಿನಾಗ ನೋಡಿದ್ರ ಎದುರಿನವರು ಕಾಣ್ತಾರ. ಆದ್ರ ಚಿತ್ರ ಆ ಸಣ್ಣದರಷ್ಟು ಚೊಕ್ಕ ಬರಂಗಿಲ್ಲ."

ರಾಮಲಕ್ಷ್ಮಿ ಡಬ್ಬಿ ಹಿಡಿದು ತಲೆ ತಗ್ಗಿಸಿದಳು. ತಲೆ ತಗ್ಗಿಸಿ ನಿಂತ ವಿಧವೆಯನ್ನು ನೋಡುವುದೇನಿದೆ, ಗಂಡಸರು ತಮ್ಮ ಮಾತಿಗೆ ಮರಳಿದರು. ಬೆರಳಗಲದ ಗಾಜಿನಲ್ಲಿ ಮಾವ ಕಂಡ. ಅವಳು ನೋಡುತ್ತಿಲ್ಲವೆಂದುಕೊಂಡು ಅವನು ಅವಳನ್ನೇ ನೋಡುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು. ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇದೇ ಇರ್ಲಿ," ಎಂದಳು ಕೊನೆಗೆ. "ಮಾವಯ್ಯ, ಬಾಗಿಲ ಕಡೀಗಿ ಸರೀರಿ. ನಿಮ್ಮ ಮುಖದ ಮ್ಯಾಲ ಬೆಳಕಿಲ್ಲ."

ಗೋವಿಂದಪ್ಪ ಕಣ್ಣೊರೆಸಿಕೊಳ್ಳದೆಯೇ ಬೆಳಕಿಗೆ ಬಂದು ನಿಂತ.